ಅಂಗಾತವೋ, ಬೋರಲೋ?

ಕಾಲಿನ ಗಿಣ್ಣು ಮುರಿದವರನ್ನು ಆಪರೇಷನ್ ಥಿಯೇಟರಿಗೆ ತಂದ ಕೂಡಲೇ ಅನಸ್ತೇಶಿಯಾದವರು ಕೇಳೋದು ಒಂದೇ: ಅಂಗಾತವೋ, ಬೋರಲೋ? ಹೊಸದರಲ್ಲಿ ನಾನು ಯೋಚನೆಯೇ ಮಾಡದೆ ಅಂಗಾತ ಅನ್ನುತ್ತಿದ್ದೆ. ಅದು ಸುಲಭ, ಅಲ್ವಾ.

ಆಮೇಲೆ ಯಶವಂತಪುರದ ಕಡೆಯ ಒಬ್ಬ ಆಟೋ ಡ್ರೈವರ್ ಬಂದರು. ಮಳೆಯಲ್ಲಿ ಫುಟ್‌ಪಾತ್ ಕಲ್ಲಿನ ಮೇಲೆ ಜಾರಿದ್ದರು. ಬಲಗಾಲು, ಅಂದರೆ ಬ್ರೇಕ್ ತುಳಿಯುವ ಕಾಲು. ಹೊರಗೆ, ಒಳಗೆ, ಹಿಂದೆ, ಮೂರೂ ಕಡೆ ಮುರಿದಿತ್ತು. ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಕಾದೆ, ಅಷ್ಟು ಬುದ್ಧಿ ಇತ್ತು. ಸಿಟಿ ಸ್ಕ್ಯಾನ್ ಮಾತ್ರ ಮಾಡಿಸಲಿಲ್ಲ. ಹೊರಗಿನ ಮೂಳೆಗೆ ಪ್ಲೇಟ್, ಒಳಗೆ ಎರಡು ಸ್ಕ್ರೂ, ಹಿಂದಿನ ಚೂರಿಗೆ ಮುಂದುಗಡೆಯಿಂದಲೇ ಸಣ್ಣ ತೂತು ಮಾಡಿ ಸ್ಕ್ರೂ ಹಾಕಿದೆ. ಆಪರೇಷನ್ ಮಾಡುತ್ತಲೇ ನೋಡುವ ಎಕ್ಸ್‌ರೇ ಯಂತ್ರ ಸಿ-ಆರ್ಮ್‌ನಲ್ಲಿ ಚೆನ್ನಾಗೇ ಕಂಡಿತು. ಕಾಣದೆ ಏನು, ಪಕ್ಕದಿಂದ ನೋಡಿದರೆ ಹೊರಗಿನ ಪ್ಲೇಟೇ ಆ ಚೂರಿಗೆ ಅಡ್ಡ ನಿಂತಿರುತ್ತದೆ! ಆಮೇಲೆ ಮಾಡಿಸಿದ ಸಿಟಿಯಲ್ಲಿ ಕೀಲಿನೊಳಗೆ 3 ಮಿಲಿಮೀಟರ್ ಮೆಟ್ಟಿಲು, ಅಂದರೆ ಚೂರು ಸಮವಾಗಿ ಕೂತಿರಲಿಲ್ಲ.

ಮತ್ತೆ ಆಪರೇಷನ್ ಬೇಕು ಅಂತ ಹೇಳಿದಾಗ ಅವರು ಕೇಳಿದರು, "ಮೊದಲ್ನೇ ಸಲಾನೇ ಹಿಂದಿನಿಂದ ಮಾಡ್ಬೋದಿತ್ತಲ್ವಾ ಡಾಕ್ಟ್ರೇ?" ಮಾಡಬಹುದಿತ್ತು ಅಂದೆ.

ಈ ಸಲ ಬೋರಲು. ಹಿಮ್ಮಡಿಯ ಸ್ನಾಯುರಜ್ಜುವಿಗೂ ಹೊರಗಿನ ಮೂಳೆಗೂ ನಡುವೆ ಕೊಯ್ದು, ಚರ್ಮದ ಕೆಳಗೆ ಸಿಗುವ ಸೂರಲ್ ನರವನ್ನು ಹುಷಾರಾಗಿ ಪಕ್ಕಕ್ಕಿಟ್ಟು ಒಳಗೆ ಹೋದೆ. ಅಲ್ಲೊಂದು ಸ್ನಾಯು ಇದೆ, ಎಳೆದರೆ ಹೆಬ್ಬೆರಳು ಬಗ್ಗುತ್ತದೆ. ಅದನ್ನು ಒಳಬದಿಗೆ ಸರಿಸಿದರೆ ಚೂರು ಕಣ್ಣೆದುರಿಗೇ. ಸಂದಿಯಲ್ಲಿ ಹೆಪ್ಪುಗಟ್ಟಿದ ರಕ್ತ, ಪುಡಿ ಮೂಳೆ. ಮುಂದಿನಿಂದ ಎಷ್ಟು ಸ್ಕ್ರೂ ತಿರುಗಿಸಿದರೂ ಅದು ಕೂರುತ್ತಿರಲಿಲ್ಲ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಹಿಂದಿನಿಂದ ಕಟ್ಟಿಹಿಡಿಯುವ ಲಿಗಮೆಂಟ್ ಇರೋದೂ ಆ ಚೂರಿನ ಮೇಲೇ.

ಹಾಗಂತ ಎಲ್ಲರನ್ನೂ ಬೋರಲು ಹಾಕಬೇಕಿಲ್ಲ. ಚೂರು ಸಣ್ಣದಿದ್ದು ಜರುಗಿಲ್ಲದಿದ್ದರೆ ಸುಮ್ನೆ ಬಿಟ್ಟರೂ ನಡೆಯುತ್ತದೆ. ತುಂಬಾ ದಪ್ಪ ಇರುವವರಿಗೆ, ಉಸಿರಾಟದ ತೊಂದರೆ ಇರುವವರಿಗೆ ಬೋರಲು ಕಷ್ಟ. ಕೀಲಿನ ನಾಲ್ಕನೇ ಒಂದು ಭಾಗಕ್ಕಿಂತ ಚೂರು ದೊಡ್ಡದಿದ್ದರೆ ಮಾತ್ರ ಕೈಹಾಕು ಅಂತ ನಮಗೆ ಕಲಿಸಿದ್ದರು. ಈಗ ಅಳತೆಗಿಂತ ಅದರ ಆಕಾರ, ಎಷ್ಟು ಜರುಗಿದೆ ಅನ್ನೋದನ್ನೇ ಜಾಸ್ತಿ ನೋಡುತ್ತೇವೆ. ಈ ಕೀಲಿನಲ್ಲಿ ಸ್ವಲ್ಪ ಜರುಗಿದರೂ ಸಣ್ಣದಲ್ಲ: ಕೀಲಿನ ಕೆಳಭಾಗದಲ್ಲಿ ಕೂರುವ ತಾಲಸ್ ಮೂಳೆ 1 ಮಿಲಿಮೀಟರ್ ಹೊರಕ್ಕೆ ಸರಿದರೆ ಕೀಲು ತಾಗುವ ಜಾಗ 42% ಕಡಿಮೆಯಾಗುತ್ತದೆ ಅಂತ 1976ರಲ್ಲೇ ರಾಮ್ಸೇ, ಹ್ಯಾಮಿಲ್ಟನ್ ಅನ್ನುವ ಸಂಶೋಧಕರು ತೋರಿಸಿದ್ದರು.

ಆ ಡ್ರೈವರ್ ಈಗ ಆಟೋ ಓಡಿಸುತ್ತಿದ್ದಾರೆ. ಪಾದದ ಹೊರ ಅಂಚು ಮಾತ್ರ ಇನ್ನೂ ಜೋಮು ಅನ್ನುತ್ತಾರೆ. ಆ ಸೂರಲ್ ನರದ್ದೇ.