ಮಾಡು ಇಳಿದ ಮೇಲೆ

ಉಡುಪಿ ಕಡೆ ಹಳೆಯ ಮನೆ ಕೈ ಬದಲಾದರೆ ಮೊದಲು ಇಳಿಯುವುದು ಮಾಡಿನ, ಅಂದರೆ ಛಾವಣಿಯ, ಹಂಚು. ನೆತ್ತಿಯ ಗಾರೆ ಬಿಡಿಸಿ ಮೇಲಿನ ಸಾಲಿನಿಂದ ಕೆಳಗೆ ಬರಬೇಕು. ಪ್ರತಿ ಹಂಚೂ ಕೆಳಗಿನದರ ಮೇಲೆ ಕೂತಿರುತ್ತದಲ್ಲ. ಒಂದೊಂದೂ ಎರಡು ಕಿಲೋಗೂ ಹೆಚ್ಚು, ಎಸೆದರೆ ಮೂಲೆ ಹಾರಿತು ಅಂತಲೇ. ಹಂಚು ಹೊರುವ ಹಲಸಿನ ಮರದ ಪಟ್ಟಿ, ಪಕ್ಕಾಸಿಗೆ ಗಿರಾಕಿ ಕೂಡಲೇ ಬರುತ್ತಾರೆ. ಗೋಡೆಯೊಳಗೆ ಹೂತ ತುದಿ ಮಾತ್ರ ಗೆದ್ದಲಿನ ಪಾಲು. ಮಾಡು ಬಿಚ್ಚಿ ಹಾಗೇ ಬಿಟ್ಟರೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಆಟಿಯ ಜಡಿಮಳೆಯ ತಿಂಗಳು ದಾಟುವುದು ಕಷ್ಟ.

ಉಳಿಸಿಕೊಂಡವರೂ ಎಡವುತ್ತಾರೆ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿ ಪೇಂಟು ಹೊಡೆಯುತ್ತಾರೆ. ಒಳಗಿನ ತೇವಕ್ಕೆ ಹೊರದಾರಿಯಿಲ್ಲದೆ ಗುಳ್ಳೆಯೆದ್ದು ಪದರವೇ ಉದುರುತ್ತದೆ. ಆ ಜಾಗದಲ್ಲಿ ಹಳೆಯ ನೀಲಿ ಸುಣ್ಣ ಇಣುಕುತ್ತದೆ. ಮಾರಿ ಹೋದವರು ಬಸ್ಸಿನ ಕಿಟಕಿಯಿಂದ ಹುಡುಕುವುದು ಅದನ್ನೇ.