ಆ ಹುಡುಗಿ ಡ್ಯಾಮ್ ಯಾಕೆ ನಿಲ್ಲಿಸಲಿಲ್ಲ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಓದದವರಿಗಾಗಿ ಕತೆ ಎರಡು ಮಾತಲ್ಲಿ. ನನ್ನ ಕಾದಂಬರಿಯ ಹುಡುಗಿ ಈ ಕಾಲದವಳು. ಮೇ ತಿಂಗಳಲ್ಲಿ ಶರಾವತಿ ಹಿನ್ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ನೋಡಲು ಹೋಗುತ್ತಾಳೆ. ಬಿರುಕು ಬಿಟ್ಟ ಕೆಸರಿನ ನೆಲ ದಾಟಿ, ಹೆಚ್ಚಾದ ನೀರು ತಾನಾಗಿ ಹೊರಹೋಗಲು ಕಟ್ಟಿದ ಸೈಫನ್ನಿನ ಮಗ್ಗುಲಿಂದ ಆಚೆ ಬಂದರೆ ಅದು 1963. ಎದುರಿಗೆ ಹದಿನೇಳರ ಒಬ್ಬ ಹುಡುಗಿ, ತಲೆ ಮೇಲೆ ಸೊಪ್ಪಿನ ಹೊರೆ. ಅವಳೇ ಇವಳ ಅಜ್ಜಿ. ನಾಲ್ಕು ದಿನ ಆ ಮನೆಯಲ್ಲಿದ್ದು ವಾಪಸ್ ಬರುತ್ತಾಳೆ. ಮರುವರ್ಷ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಆ ಮನೆ, ಗದ್ದೆ, ತೋಟ, ಜೋಗದ ಕರೆಂಟಿಗಾಗಿ ಮುಂಚೆ ಕಟ್ಟಿದ್ದ ಹಿರೇಭಾಸ್ಕರವೂ ಸೇರಿ ಎಲ್ಲ ನೀರಿನಡಿ ಹೋಗುತ್ತದೆ.

ಪ್ರಶ್ನೆ ಇಷ್ಟೇ: ‘ಅವಳಿಗೆ ಮುಂದಾಗುವುದೆಲ್ಲ ಗೊತ್ತಿತ್ತಲ್ಲ, ಯಾಕೆ ತಡೆಯಲಿಲ್ಲ?’

ಶಿವಮೊಗ್ಗದ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ಮೈಕ್ ತಗೊಂಡು ಎದ್ದು ನಿಂತರು. ‘ಲಾಜಿಕ್ಕೇ ಇಲ್ಲ ಕಣಮ್ಮ. ಒಂದು ಮಾತು ಮುಂಚೆ ಹೇಳಿದ್ರೆ ಊರವರು ಎಚ್ಚೆತ್ಕೊಳ್ತಿದ್ರಲ್ಲ’ ಅಂದರು. ಸಭೆಯಲ್ಲಿ ನಾಲ್ಕೈದು ಜನ ತಲೆಯಾಡಿಸಿದರು. ಅವತ್ತು ನಾನು ಏನೋ ತೊದಲಿ ಕೂತೆ. ಮನೆಗೆ ಬರುವ ಬಸ್ಸಿನಲ್ಲಿ ಪೂರ್ತಿ ಆ ಒಂದೇ ಪದ ಕೊರೆಯುತ್ತಿತ್ತು, ಎಚ್ಚೆತ್ಕೊಳ್ತಿದ್ರು.

ಯಾರು ಸ್ವಾಮಿ ನಿದ್ದೆ ಮಾಡುತ್ತಿದ್ದವರು? ಸರ್ವೇದವರು ಬಂದು ನೀರು ಎಲ್ಲಿವರೆಗೆ ಬರುತ್ತದೆ ಅಂತ ಗುರುತು ಹಾಕಿ ಹೋಗಿದ್ದರು. ಯಾರ ಮನೆ ಗುರುತಿಗಿಂತ ಕೆಳಗೆ, ಯಾರದು ಮೇಲೆ ಅಂತ ಮಕ್ಕಳಿಗೂ ಬಾಯಿಪಾಠ. 1819 ಅಡಿ ಅನ್ನುವ ಸಂಖ್ಯೆ ಇವತ್ತಿಗೂ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯದ ಗರಿಷ್ಠ ಮಟ್ಟ ಅದು, ಪ್ರತಿ ಮಳೆಗಾಲ ಪೇಪರಿನಲ್ಲಿ ಬರುತ್ತದೆ. ನನ್ನ ಹುಡುಗಿ ಅರವತ್ತು ವರ್ಷ ಹಿಂದಕ್ಕೆ ಹೋಗಿ ‘ನಿಮ್ಮೂರು ಮುಳುಗುತ್ತದೆ’ ಅಂದರೆ ನಮ್ಮ ಮುತ್ತಜ್ಜಿ ‘ಹೌದು, ಬಾ, ಹಂಚು ಇಳಿಸೋಕೆ ಒಂದು ಕೈ ಕಡಿಮೆಯಿದೆ’ ಅನ್ನುತ್ತಿದ್ದಳು. ಕಾದಂಬರಿಯಲ್ಲಿ ಅಂದಿರುವುದೂ ಅದನ್ನೇ. ಗೊತ್ತಿಲ್ಲದ್ದರಿಂದ ಮುಳುಗಿದ ಊರಲ್ಲ ಅದು. ಮುಳುಗಿಸಿದ ಊರಿನ ಜನರ ಮೇಲೇ ಮೈಮರೆತಿದ್ದರು ಅನ್ನುವ ತಪ್ಪು ಹೊರಿಸಬೇಡಿ.

ಇನ್ನೊಂದು ಮಾತು. ನಮ್ಮಜ್ಜಿಯ ಮನೆ ಹೊಳೆಯ ಈ ದಂಡೆಗೆ, ಅಜ್ಜನ ಮನೆ ಆ ದಂಡೆಗೆ. ಎರಡೂ ಮನೆಗೆ ಕೊಟ್ಟು ತರುವ ಸಂಬಂಧ ಇರಲಿಲ್ಲ, ಪರಿಚಯವೂ ಇರಲಿಲ್ಲ. ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದು ಶಿವಮೊಗ್ಗ ತಾಲೂಕಿನ ಕಾಡಿನಲ್ಲಿ ಇಳಿದಾಗ ಇಬ್ಬರಿಗೂ ಸಿಕ್ಕಿದ್ದು ಅಕ್ಕಪಕ್ಕದ ಜಾಗ. ಎರಡು ವರ್ಷಕ್ಕೆ ಮದುವೆ. ಹಿಂದಕ್ಕೆ ಹೋಗಿ ಅಜ್ಜನನ್ನು ಕೊಂದರೆ ಮೊಮ್ಮಗಳು ಇರುತ್ತಾಳಾ ಅನ್ನುವುದು ಇಂಥ ಕತೆಗಳ ಹಳೇ ಒಗಟು. ನಮ್ಮನೆಯಲ್ಲಿ ಯಾರೂ ಯಾರನ್ನೂ ಕೊಲ್ಲಬೇಕಾಗಿಲ್ಲ. ನೀರು ಬರದಿದ್ದರೆ ಸಾಕು, ನಾನಿಲ್ಲ. ಊರು ಉಳಿದಿದ್ದರೆ ಅಂತ ಅಜ್ಜಿ ಉಸಿರು ಬಿಟ್ಟಾಗೆಲ್ಲ ನಾನು ಚಿಕ್ಕವಳಿದ್ದಾಗಲೇ ಈ ಲೆಕ್ಕ ಹಾಕಿ ಹೆದರಿದ್ದೇನೆ. ಉಳಿಯಬೇಕಿತ್ತು ಅಂತ ಹೇಳಲೂ ಆಗದೆ, ಮುಳುಗಿದ್ದು ಒಳ್ಳೆಯದಾಯಿತು ಅನ್ನಲೂ ಆಗದೆ ಬೆಳೆದವಳಿಗೆ ಈ ಕಾದಂಬರಿ ಬಿಟ್ಟು ಬೇರೇನು ಬರೆಯಲು ಬರುತ್ತದೆ?

ಅಲ್ಲದೆ, ಸರಿ ಮಾಡುವ ಅಷ್ಟು ಅವಸರ ಇದ್ದರೆ ಹಿಂದಕ್ಕೆ ಹೋಗಬೇಕಾದ ಕೆಲಸವೂ ಇಲ್ಲ. ಅವತ್ತು ಕಾಡು ಕಡಿದು ಕೊಟ್ಟ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಸಿಗದ ಮನೆಗಳಿವೆ. ಜಾಗ ಕೊಟ್ಟಿದ್ದು ಸರ್ಕಾರ, ಆದರೆ ದಾಖಲೆಯಲ್ಲಿ ಅದು ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಗಂಟು ಇನ್ನೂ ಬಿಗಿಯಾಯಿತು. ಮೂರನೇ ತಲೆಮಾರು ಅದೇ ಫೈಲು ಹಿಡಿದು ಅಲೆಯುತ್ತಿದೆ. ಹುಡುಗಿ ಯಾಕೆ ತಡೆಯಲಿಲ್ಲ ಅಂತ ಕೇಳಿದ ಯಾರೂ ಇದನ್ನು ಕೇಳಿದ್ದು ನನಗೆ ನೆನಪಿಲ್ಲ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಆ ನಾಲ್ಕು ದಿನ ಅವಳು ಏನು ಮಾಡಿದಳು? ಯಾರಾದರೂ ಕೇಳಲಿ ಅಂತ ಕಾದಿದ್ದೇನೆ. ಕಾದಂಬರಿಯ ಅರ್ಧದಷ್ಟು ಪುಟ ಅದೇ ಇದೆ.

ಅವಳು ಮನೆ ಬಿಚ್ಚಲು ಸಹಾಯ ಮಾಡಿದಳು. ಮೊದಲು ಹಂಚು, ಆಮೇಲೆ ರೀಪು, ಆಮೇಲೆ ತೊಲೆ. ಬಡಗಿ ಒಂದೊಂದು ತೊಲೆಗೂ ಇದ್ದಿಲಲ್ಲಿ ಗುರುತು ಬರೆಯುತ್ತಿದ್ದ, ಹೊಸ ಜಾಗದಲ್ಲಿ ಅದೇ ಕ್ರಮದಲ್ಲಿ ಕೂರಿಸಬೇಕಲ್ಲ. ‘ಜಗಲಿ ೩’, ‘ಜಗಲಿ ೪’. ಇದು ನಾನು ಕಟ್ಟಿದ್ದಲ್ಲ. ಅಜ್ಜಿಯ ತವರಿನ ಅಡುಗೆಮನೆ ಅಟ್ಟದ ಕೆಳಗೆ ನಿಂತು ಕತ್ತೆತ್ತಿದರೆ ಹೊಗೆ ಹಿಡಿದ ಕಪ್ಪಿನ ನಡುವೆ ಆ ಅಕ್ಷರಗಳು ಇನ್ನೂ ಇವೆ. ಇದ್ದಿಲಿನ ಗುರುತು ಅಳಿಯಬಾರದು ಅಂತ ಅಲ್ಲಿ ಮಾತ್ರ ಯಾರೂ ಒರೆಸುವುದಿಲ್ಲ. ‘ಜಗಲಿ ೪’ ಬಂದು ಅಡುಗೆಮನೆಯಲ್ಲಿ ಕೂತಿದೆ. ಹೊಸ ಮನೆಗೆ ಜಗಲಿ ಹಾಕುವಷ್ಟು ಜಾಗ ಸಾಲಲಿಲ್ಲ.

ಒರಳುಕಲ್ಲು ಲಾರಿಗೆ ಏರಲಿಲ್ಲ. ತುಳಸಿಕಟ್ಟೆ ಹಾಗೇ ಬಿಟ್ಟರು, ಗಿಡ ಮಾತ್ರ ಮಣ್ಣು ಸಮೇತ ಅಡಿಕೆ ಹಾಳೆಯಲ್ಲಿ ಕಟ್ಟಿಕೊಂಡು ಬಂದರು. ಬಾವಿ ಕಿತ್ತು ತರುವಂಥದ್ದಲ್ಲ.

ಹೊರಡುವ ದಿನ ಎಲ್ಲರೂ ಲಾರಿ ಹತ್ತಿ ಕೂತ ಮೇಲೆ ಮುತ್ತಜ್ಜಿ ಇಳಿದು ವಾಪಸ್ ಹೋದಳು. ಬೇಲಿಯ ಅಡಿಕೆ ದಬ್ಬೆಗಳನ್ನು ಕಿತ್ತು ತಂದು ಬಾವಿಯ ಬಾಯಿಗೆ ಅಡ್ಡಡ್ಡ ಹಾಸಿ, ಮೇಲೆ ಕಲ್ಲು ಹೇರಿ ಬಂದಳು. ಈ ಭಾಗ ಕಾದಂಬರಿಯಲ್ಲಿ ಒಂದೂವರೆ ಪುಟ. ಇಷ್ಟು ಜನರಲ್ಲಿ ಅದರ ಬಗ್ಗೆ ಕೇಳಿದವಳು ಒಬ್ಬಳೇ, ಸಾಗರದ ಒಬ್ಬ ಕಾಲೇಜು ಹುಡುಗಿ. ‘ಅಕ್ಕ, ಹೇಗೂ ಮುಳುಗೋ ಬಾವಿಗೆ ಅವರು ಯಾಕೆ ಮುಚ್ಚಿಗೆ ಹಾಕಿದ್ರು?’

ನಾನೂ ಅಜ್ಜಿಗೆ ಇದನ್ನೇ ಕೇಳಿದ್ದೆ. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

‘ಮುಂಚೆ ಹೋದವರು ಮುದಿ ದನ ಎಲ್ಲ ಅಲ್ಲೇ ಬಿಟ್ಟು ಹೋಗಿದ್ರು ಮಾರಾಯ್ತಿ. ನೀರು ಬರೋಕೆ ಇನ್ನೂ ಒಂದು ಮಳೆಗಾಲ ಇತ್ತು. ಅಲ್ಲಿವರೆಗೆ ಒಂದಾದ್ರೂ ಬಿದ್ರೆ ಎತ್ತೋರು ಯಾರಿದ್ರು?’