ಬಾಗಿಲಲ್ಲಿ ಕೇಳಿದ ಮಾತು

ಭಾನುವಾರ ಅಕ್ಕನ ಮಗಳು ಊಟಕ್ಕೆ ಬಂದಿದ್ದಳು. ಕಾಲೇಜಿನಲ್ಲಿ ಇವರ ತಂಡದ ಬೀದಿನಾಟಕ ಇತ್ತಂತೆ. ರಾಜಕೀಯ ಮಾತಾಡಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟವರಿಗೆ ಮಾತ್ರ ಒಳಗೆ ಪ್ರವೇಶ. ಇಬ್ಬರು ಗೆಳತಿಯರು ಕೊಡದೆ ಗೇಟಿನ ಹೊರಗೇ ಉಳಿದರು. ಇವಳು ಕೊಟ್ಟು ಒಳಗೆ ಹೋದಳು.

"ಸುಮ್ನೆ ಒಂದು ಸೈನ್ ಅಲ್ವಾ ಮಾಮ?" ಅಂದಳು, ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಾ.

ಬೇರೆ ವಾರ ಆಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ನಾನು ಓದುತ್ತಿದ್ದದ್ದು ಇನ್ನೊಂದು ಬಾಗಿಲ ಜಗಳದ ಕತೆ.

1939ರ ಜುಲೈ 2, ನ್ಯೂಯಾರ್ಕ್. ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ. ಬಾಗಿಲಲ್ಲಿ ಸಂಘಟಕ ಸ್ಯಾಮ್ ಮಾಸ್ಕೊವಿಟ್ಜ್, ವಯಸ್ಸು 19. ಎದುರಿಗೆ ಫ್ಯೂಚೂರಿಯನ್ಸ್ ಎಂಬ ಗುಂಪಿನ ಎಡಪಂಥದ ಸೈನ್ಸ್ ಫಿಕ್ಷನ್ ಅಭಿಮಾನಿ ಹುಡುಗರು: ವೊಲ್‌ಹೈಮ್, ಮಿಶೆಲ್, ಫ್ರೆಡರಿಕ್ ಪೋಲ್. ಅವರಲ್ಲೊಬ್ಬ ಕಾರ್ನ್‌ಬ್ಲೂತ್‌ಗೆ ಇನ್ನೂ 16.

ಎರಡು ವರ್ಷ ಮೊದಲು ಫಿಲಡೆಲ್ಫಿಯಾದಲ್ಲಿ ನಡೆದ ಅಭಿಮಾನಿಗಳ ಸಭೆಯಲ್ಲಿ ಮಿಶೆಲ್ ಬರೆದ ಭಾಷಣವನ್ನು ವೊಲ್‌ಹೈಮ್ ಓದಿದ್ದ, ಮಿಶೆಲ್‌ಗೆ ಉಗ್ಗು. ರಾಕೆಟ್ಟಿನ ಕನಸು ಕಂಡರೆ ಸಾಲದು, ಫ್ಯಾಸಿಸಂ ವಿರುದ್ಧ ನಿಲ್ಲಬೇಕು, ಲೋಕ ಬದಲಾಯಿಸಬೇಕು ಅನ್ನೋದು ತಿರುಳು. ಮತಕ್ಕೆ ಹಾಕಿದಾಗ 12-8ರಲ್ಲಿ ಸೋತಿತು. ಇಪ್ಪತ್ತು ಜನ ಕೂತು ಮನುಕುಲದ ಭವಿಷ್ಯಕ್ಕೆ ವೋಟು ಹಾಕಿದ್ದು! ನಗು ಬರುತ್ತೆ. ಆದರೆ ಹಿಟ್ಲರ್ ವಿಷಯದಲ್ಲಿ ಆ ಎಂಟು ಜನರೇ ಸರಿ. ಅವರು ನಂಬಿದ್ದ ಸ್ಟಾಲಿನ್ ಮಾತ್ರ ಸಮ್ಮೇಳನ ಮುಗಿದು ಎರಡು ತಿಂಗಳು ತುಂಬುವ ಮೊದಲೇ ಅದೇ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡ.

ಸಂಘಟಕರ ದರ್ಬಾರನ್ನು ಬೈಯುವ ಹಳದಿ ಕರಪತ್ರಗಳ ಕಟ್ಟು ಸಿಕ್ಕಿದ್ದೇ ತಡ, ಮಾಸ್ಕೊವಿಟ್ಜ್ ಕೆಂಡವಾದ. ಗಲಾಟೆ ಮಾಡಲ್ಲ ಅಂತ ಮಾತು ಕೊಡಿ, ಒಳಗೆ ಬನ್ನಿ ಅಂದ. ಕೆಲವರು ಕೊಟ್ಟರು. ವೊಲ್‌ಹೈಮ್ ಕೊಡಲಿಲ್ಲ. ಆರು ಜನ ಹೊರಗೇ ಉಳಿದರು. ತಮಾಷೆ ನೋಡಿ, ಆ ಕರಪತ್ರ ಬರೆದು ಅಚ್ಚು ಹಾಕಿಸಿದ ಡೇವಿಡ್ ಕೈಲ್ ಆರಾಮಾಗಿ ಒಳಗಿದ್ದ!

ಅದೇ ಗುಂಪಿನ ಐಸಾಕ್ ಅಸಿಮೋವ್‌ನನ್ನು ಯಾರೂ ತಡೆಯಲೇ ಇಲ್ಲ. ಆಗಷ್ಟೇ ಕತೆಗಳು ಅಚ್ಚಾಗುತ್ತಿದ್ದವು. ಗೆಳೆಯರನ್ನು ಬಿಟ್ಟು ನಡೆದೇಬಿಟ್ಟ. ಅದು ಮನಸ್ಸಿಗೆ ಚುಚ್ಚುತ್ತಿತ್ತು ಅಂತ ಎಷ್ಟೋ ವರ್ಷದ ಮೇಲೆ ತಾನೇ ಬರೆದ.

ಅವನ ಮೇಲೆ ನನಗೆ ಸಿಟ್ಟಿಲ್ಲ. 19ರ ಹುಡುಗ, ಒಳಗೆ ತಾನು ಆರಾಧಿಸುವ ಲೇಖಕರು ಕೂತಿದ್ದಾರೆ. ಮಾಸ್ಕೊವಿಟ್ಜ್ ಮೇಲೂ ಜಾಸ್ತಿ ಇಲ್ಲ, ಕಷ್ಟಪಟ್ಟು ಕಟ್ಟಿದ ಕಾರ್ಯಕ್ರಮ ಕೆಡುತ್ತೆ ಅನ್ನೋ ಭಯ ಅವನಿಗೆ. ಆದರೆ ಬಾಗಿಲಲ್ಲಿ ನಿಂತು ಮಾತು ಕೇಳುವವರಿಗೆ ಒಂದು ಅನುಕೂಲ ಇರುತ್ತೆ. ಕೊಡದವನು ಮೊಂಡ ಅನ್ನಿಸಿಕೊಳ್ಳುತ್ತಾನೆ, ಕೇಳಿದ್ದು ಸರಿಯಾ ಅಂತ ಯಾರೂ ಕೇಳಲ್ಲ. ವೊಲ್‌ಹೈಮ್ ಮೊಂಡನೇ, ಇರಲಿ. ಆದರೂ ನನಗೆ ಅವನೇ ಇಷ್ಟ.

ಪೋಲ್ ಮುಂದೆ ಗ್ಯಾಲಕ್ಸಿ ಪತ್ರಿಕೆಯ ಸಂಪಾದಕನಾದ. 1968ರಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ಸೈನ್ಸ್ ಫಿಕ್ಷನ್ ಬರಹಗಾರರು ಎರಡು ಹೋಳಾಗಿದ್ದರು. ಪರ, ವಿರೋಧ ಎರಡೂ ಕಡೆಯವರು ಸಹಿ ಹಾಕಿದ ಜಾಹೀರಾತುಗಳನ್ನು ಅವನು ಒಂದೇ ಸಂಚಿಕೆಯಲ್ಲಿ ಹಾಕಿದ. ಯುದ್ಧ ಬೇಡ ಅಂದವರ ಪಟ್ಟಿಯಲ್ಲಿ ಈ ಸಲ ಅಸಿಮೋವ್ ಹೆಸರೂ ಇತ್ತು.